ಊರು ಬಿಡುವ ಮುನ್ನ ತೋಟ ಒಪ್ಪಿಸುವುದು ಹೇಗೆ?

ವರ್ಗಾವಣೆಯೋ ಹೊಸ ಕೆಲಸವೋ, ಊರು ಬಿಡುವುದು ಖಚಿತವಾದ ಮೇಲೆ ತೋಟ ಮಾಡುವವರಿಗೆ ಮನೆಯ ಸಾಮಾನಿಗಿಂತ ಪಾತಿಗಳದ್ದೇ ಹೆಚ್ಚಿನ ಚಿಂತೆ. ಸಂಘದಿಂದಲೋ ನಗರಾಡಳಿತದಿಂದಲೋ ಬಾಡಿಗೆಗೆ ಪಡೆದ ಸಣ್ಣ ತಾಕು ಅದು. ನೆಲ ನಮ್ಮದಲ್ಲ. ಆದರೆ ಅದರ ಕಲ್ಲು ಆಯ್ದವರು, ಗೊಬ್ಬರ ಬೆರೆಸಿದವರು, ಗರಿಕೆಯ ಬೇರನ್ನು ಬೆರಳಿನಿಂದ ಬಿಡಿಸಿ ತೆಗೆದವರು ನಾವು. ಈ ಸಂಕಟದಲ್ಲಿ ಕೆಲವರು ತೋಟದ ಕಡೆ ಹೋಗುವುದನ್ನೇ ನಿಲ್ಲಿಸಿಬಿಡುತ್ತಾರೆ. ನೋಡನೋಡುತ್ತಲೇ ಕಳೆ ಸೊಂಟದೆತ್ತರಕ್ಕೆ ಬರುತ್ತದೆ. ಇನ್ನು ಕೆಲವರು ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತುಕೊಂಡು ಹೊರಡುತ್ತಾರೆ. ಎರಡರಲ್ಲೂ ಹಾಳಾಗುವುದು ಅಷ್ಟು ವರ್ಷ ಸಾಕಿದ ಮಣ್ಣು. ಒಪ್ಪಿಸಿ ಹೋಗುವುದಕ್ಕೂ ಒಂದು ಕ್ರಮವಿದೆ. ಮೂರು ತಿಂಗಳು ಕೈಯಲ್ಲಿದ್ದರೆ ನಿಧಾನವಾಗಿ ಮಾಡಬಹುದು. ಒಂದೇ ತಿಂಗಳಿದ್ದರೆ ಬೀಜ, ಮಣ್ಣು ಮತ್ತು ಟಿಪ್ಪಣಿ ಪುಸ್ತಕ ಈ ಮೂರಕ್ಕೆ ಗಮನ ಕೊಡಿ.

ಮೊದಲು ಕರಾರು ಪತ್ರ ತೆಗೆಯಿರಿ

ಬಾಡಿಗೆಯ ಕರಾರನ್ನು ಸಹಿ ಹಾಕಿದ ದಿನ ಓದಿದ್ದು ಬಿಟ್ಟರೆ ಮತ್ತೆ ಯಾರೂ ನೋಡಿರುವುದಿಲ್ಲ. ಎಷ್ಟು ದಿನ ಮುಂಚೆ ತಿಳಿಸಬೇಕು, ಠೇವಣಿ ವಾಪಸು ಬರುತ್ತದೆಯೇ, ಕಟ್ಟಿಸಿದ ಗುಡಿಸಲು ಅಥವಾ ಚಪ್ಪರವನ್ನು ಬಿಚ್ಚಬೇಕೇ, ನೆಟ್ಟ ಮರ ಯಾರದು ಎಂಬುದನ್ನೆಲ್ಲ ಅದರಲ್ಲಿ ಹುಡುಕಿ. ನಿಯಮಗಳು ಒಂದೊಂದು ಕಡೆ ಒಂದೊಂದು ಥರ. ಜರ್ಮನಿಯ 1983ರ ಕಾಯ್ದೆಯ ಪ್ರಕಾರ ಇಂಥ ತಾಕು 400 ಚದರ ಮೀಟರ್ ಮೀರಬಾರದು, ಒಳಗಿನ ಗುಡಿಸಲು 24 ಚದರ ಮೀಟರ್ ದಾಟಬಾರದು. ಬಿಟ್ಟುಹೋಗುವವರ ಗಿಡಮರ, ಗುಡಿಸಲಿಗೆ ಬೆಲೆ ಕಟ್ಟಿ, ಹೊಸಬರಿಂದ ಆ ಹಣ ಕೊಡಿಸುವ ಪದ್ಧತಿಯೂ ಅಲ್ಲಿದೆ. ಅನುಮತಿಯಿಲ್ಲದೆ ಕಟ್ಟಿದ್ದನ್ನು ಮಾತ್ರ ಸ್ವಂತ ಖರ್ಚಿನಲ್ಲಿ ತೆರವು ಮಾಡಬೇಕು.

ಬಿಡುವ ಸುದ್ದಿಯನ್ನು ಬರಹದಲ್ಲಿಯೇ ತಿಳಿಸಿ. ತಾಕನ್ನು ಗೆಳೆಯರಿಗೋ ನೆಂಟರಿಗೋ ಸದ್ದಿಲ್ಲದೆ ದಾಟಿಸುವ ಆಸೆ ಬೇಡ. ಸಾಮಾನ್ಯವಾಗಿ ಸರದಿ ಪಟ್ಟಿ ಇರುತ್ತದೆ, ಅದರಲ್ಲಿ ಹೆಸರು ಬರೆಸಿ ವರ್ಷಗಳಿಂದ ಕಾಯುತ್ತಿರುವವರೂ ಇರುತ್ತಾರೆ. ಆದರೆ ಒಂದು ಮಾತು ಕೇಳುವುದರಲ್ಲಿ ತಪ್ಪಿಲ್ಲ: ಮುಂದೆ ಬರುವವರು ಯಾರೆಂದು ಬೇಗ ಗೊತ್ತಾದರೆ ಅವರನ್ನು ಕರೆಸಿ ಮಾತನಾಡಬಹುದೇ? ನನ್ನ ಪ್ರಕಾರ ಕರಾರಿನ ಎಲ್ಲ ಕಲಮುಗಳಿಗಿಂತ ಬೆಲೆಯುಳ್ಳದ್ದು ಈ ಭೇಟಿ.

ಬಿತ್ತನೆ ಎಲ್ಲಿಗೆ ನಿಲ್ಲಿಸಬೇಕು

ಹೊರಡುವ ದಿನದಿಂದ ಹಿಂದಕ್ಕೆ ಎಣಿಸಿ. ಮೂಲಂಗಿ, ಸೊಪ್ಪುಗಳು ತಿಂಗಳೊಳಗೆ ಕೈಗೆ ಬರುತ್ತವೆ. ಟೊಮೆಟೊ ಸಸಿ ನೆಟ್ಟ ಮೇಲೆ ಹಣ್ಣಾಗಲು ಎರಡು ತಿಂಗಳಿಗಿಂತ ಹೆಚ್ಚೇ ಬೇಕು. ಕಾಲ ಸಾಲದ ಬೆಳೆಯನ್ನು ಹೊಸದಾಗಿ ಹಾಕಬೇಡಿ. ಬರುವವರು ಯಾರೆಂದು ಗೊತ್ತಾಗಿದ್ದರೆ ಮಾತ್ರ ಅವರನ್ನು ಕೇಳಿ ಒಂದೆರಡು ಪಾತಿ ಬಿತ್ತಿಡಿ. ಹೊಸದಾಗಿ ತೋಟ ಹಿಡಿದವರಿಗೆ ಮೊದಲ ತಿಂಗಳೇ ಏನಾದರೂ ಕೊಯ್ಯಲು ಸಿಕ್ಕರೆ ಅವರು ನೆಲೆ ನಿಲ್ಲುತ್ತಾರೆ. ಬರೀ ಕಳೆಯೇ ಎದುರಾದರೆ ಕೈ ಚೆಲ್ಲುತ್ತಾರೆ.

ಕೊಂಡೊಯ್ಯಬೇಕಾದದ್ದು ಬೀಜ

ತೋಟವನ್ನು ಒಂದು ಲಕೋಟೆಯಲ್ಲಿ ಹಿಡಿಸಿಕೊಳ್ಳುವ ಉಪಾಯವೆಂದರೆ ಬೀಜ. ಆದರೆ ಎಲ್ಲ ಬೀಜವೂ ತಾಯಿಯಂತೆ ಬರುವುದಿಲ್ಲ. ಹೈಬ್ರಿಡ್ ತಳಿಯ ಬೀಜ ಮುಂದಿನ ಪೀಳಿಗೆಯಲ್ಲಿ ಗುಣ ಬದಲಿಸುತ್ತದೆ. ಅದನ್ನು ಕೂಡಿಡುವ ಶ್ರಮ ಬೇಡ. ನಾಟಿ ತಳಿಯ ಟೊಮೆಟೊ, ಹುರುಳಿಕಾಯಿ, ಬಟಾಣಿ ಬಹುಮಟ್ಟಿಗೆ ತಮ್ಮ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ಇವುಗಳನ್ನು ನಂಬಬಹುದು.

ಒಳ್ಳೆಯ ಹಣ್ಣನ್ನಲ್ಲ, ಒಳ್ಳೆಯ ಗಿಡವನ್ನು ಆರಿಸಿ. ರೋಗ ತಗುಲದೆ ಕೊನೆಯವರೆಗೂ ಕಾಯಿ ಬಿಟ್ಟ ಗಿಡಕ್ಕೆ ಬಣ್ಣದ ದಾರ ಕಟ್ಟಿ, ಅದರ ಒಂದೆರಡು ಹಣ್ಣನ್ನು ಯಾರೂ ಕೀಳದಂತೆ ಕಾಯ್ದುಕೊಳ್ಳಿ. ಟೊಮೆಟೊ ಮೆತ್ತಗಾಗುವಷ್ಟು ಮಾಗಿದ ಮೇಲೆ ಬೀಜ ಮತ್ತು ರಸವನ್ನು ಗಾಜಿನ ಲೋಟಕ್ಕೆ ಹಿಂಡಿ, ತುಸು ನೀರು ಬೆರೆಸಿ ನೆರಳಿನಲ್ಲಿಡಿ. ಎರಡು ಮೂರು ದಿನದಲ್ಲಿ ಮೇಲೆ ಬಿಳಿ ಪೊರೆ ಕಟ್ಟಿ ಹುಳಿ ವಾಸನೆ ಬರುತ್ತದೆ. ಬೀಜದ ಸುತ್ತಲಿನ ಲೋಳೆ ಕರಗುತ್ತಿರುವ ಗುರುತು ಅದು. ಮೊಳಕೆಯನ್ನು ತಡೆಯುವುದು ಆ ಲೋಳೆಯೇ. ಈಗ ನೀರು ಸುರಿದು ಕಲಕಿದರೆ ಗಟ್ಟಿ ಬೀಜ ತಳಕ್ಕಿಳಿಯುತ್ತದೆ, ಜೊಳ್ಳು ತೇಲುತ್ತದೆ. ಜರಡಿಯಲ್ಲಿ ತೊಳೆದು ತಟ್ಟೆಯ ಮೇಲೆ ಹರಡಿ. ಕಾಗದದ ಮೇಲೆ ಹರಡಿದರೆ ಅಂಟಿಕೊಳ್ಳುತ್ತದೆ.

ಕುಂಬಳದ ಜಾತಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಪಕ್ಕದ ತಾಕಿನಲ್ಲಿ ಅದೇ ಪ್ರಭೇದದ ಬೇರೆ ತಳಿ ಇದ್ದರೆ ಜೇನುಹುಳು ಪರಾಗವನ್ನು ಬೆರೆಸಿಬಿಡುತ್ತದೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯಂಥ ಉಬ್ಬು ಇರುತ್ತದೆ. ಮರುದಿನ ಅರಳಲಿರುವ ಅಂಥ ಒಂದು ಮೊಗ್ಗನ್ನೂ ಒಂದು ಗಂಡು ಮೊಗ್ಗನ್ನೂ ಸಂಜೆಯೇ ಗುರುತಿಸಿ, ಎರಡರ ಬಾಯಿಗೂ ಮೆಲ್ಲಗೆ ದಾರ ಕಟ್ಟಿ. ಬೆಳಗ್ಗೆ ದಾರ ಬಿಚ್ಚಿ, ಗಂಡು ಹೂವಿನ ಎಸಳು ತೆಗೆದು ಅದರ ಪರಾಗವನ್ನು ಹೆಣ್ಣು ಹೂವಿನ ಒಳಗೆ ಸವರಿ, ಮತ್ತೆ ಬಾಯಿ ಕಟ್ಟಿಬಿಡಿ. ಆ ಕಾಯಿಗೆ ಗುರುತು ಹಾಕಿ ಪೂರ್ತಿ ಬಲಿಯಲು ಬಿಡಿ.

ಇಡುವಾಗ ಬೀಜಕ್ಕೆ ಬೇಕಾದದ್ದು ಒಣ ಮತ್ತು ತಂಪು. ಬೀಜ ತಜ್ಞರಲ್ಲಿ ಒಂದು ಸ್ಥೂಲ ಲೆಕ್ಕವಿದೆ: ಬೀಜದ ತೇವಾಂಶ ಶೇ 1ರಷ್ಟು ಇಳಿದರೂ, ಇಡುವ ಜಾಗದ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದರೂ ಅದರ ಆಯಸ್ಸು ಇಮ್ಮಡಿಯಾಗುತ್ತದೆ. ಸಾಮಾನು ಸಾಗಿಸುವ ಲಾರಿಯಲ್ಲಿ ಬಿಸಿಲಿಗೆ ಬೇಯಲು ಬಿಡದೆ ಕೈಚೀಲದಲ್ಲೇ ಒಯ್ಯಿರಿ ಎನ್ನುವುದು ಅದಕ್ಕಾಗಿಯೇ. ತಳಿಯ ಹೆಸರು, ವರ್ಷ ಬರೆದ ಕಾಗದದ ಲಕೋಟೆಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ. ಈರುಳ್ಳಿ ಬೀಜ ಒಂದೆರಡು ವರ್ಷದಲ್ಲೇ ಸತ್ವ ಕಳೆದುಕೊಳ್ಳುತ್ತದೆ. ಟೊಮೆಟೊ, ಕುಂಬಳದ ಬೀಜ ಸರಿಯಾಗಿಟ್ಟರೆ ನಾಲ್ಕು ವರ್ಷ ಬಾಳುತ್ತದೆ. ಪ್ರತಿ ತಳಿಯ ಅರ್ಧದಷ್ಟನ್ನು ಪಕ್ಕದ ತಾಕಿನವರಿಗೆ ಕೊಟ್ಟು ಹೋಗಿ. ನಿಮ್ಮ ಡಬ್ಬಿ ಕಳೆದುಹೋದರೂ ತಳಿ ಉಳಿಯುತ್ತದೆ.

ಗಿಡ ಕೀಳುವ ಮುನ್ನ ಯೋಚಿಸಿ

ಪುದೀನ, ಮಲ್ಲಿಗೆ, ಅಂಜೂರದಂಥವನ್ನು ಬೇರುಸಹಿತ ಕೀಳಬೇಕಾಗಿಯೇ ಇಲ್ಲ. ಐದಾರು ಅಂಗುಲದ ಕಡ್ಡಿಯನ್ನು ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು ಕುಂಡದಲ್ಲಿ ಊರಿದರೆ ಬೇರು ಬರುತ್ತದೆ. ತಾಯಿಗಿಡ ಇದ್ದಲ್ಲೇ ಇರಲಿ.

ಎರಡು ಮೂರು ವರ್ಷದ ಸಣ್ಣ ಗಿಡವನ್ನು ಕರಾರು ಒಪ್ಪಿದರೆ ಒಯ್ಯಬಹುದು. ಹೊರಡುವುದಕ್ಕೆ ಕೆಲವು ವಾರ ಮುಂಚೆಯೇ ಅದರ ಸುತ್ತ ಸಲಿಕೆಯನ್ನು ನೇರವಾಗಿ ಇಳಿಸಿ ವೃತ್ತಾಕಾರದಲ್ಲಿ ಬೇರು ಕತ್ತರಿಸಿ ಬಿಡಿ. ಹೊಸ ಸಣ್ಣ ಬೇರುಗಳು ಆ ಉಂಡೆಯೊಳಗೇ ಮೂಡುತ್ತವೆ, ಮುಂದೆ ಕಿತ್ತಾಗ ಗಿಡ ತಡೆದುಕೊಳ್ಳುತ್ತದೆ. ಫಲ ಕೊಡುತ್ತಿರುವ ದೊಡ್ಡ ಮರವನ್ನು ಮುಟ್ಟಬೇಡಿ. ಕಿತ್ತರೆ ನಿಮಗೂ ದಕ್ಕುವುದಿಲ್ಲ, ಇನ್ನೊಬ್ಬರಿಗೂ ಉಳಿಯುವುದಿಲ್ಲ.

ಮಣ್ಣು ಅಲ್ಲೇ ಇರಲಿ

ಇಷ್ಟು ವರ್ಷ ಹದ ಮಾಡಿದ ಮಣ್ಣನ್ನು ಮೂಟೆ ಕಟ್ಟಿ ಒಯ್ಯುವ ಆಸೆ ಯಾರಿಗಾದರೂ ಬರುತ್ತದೆ. ಬೇಡ. ಬೇರಿನಲ್ಲಿ ಗಂಟು ಕಟ್ಟುವ ಜಂತುಹುಳು, ಟೊಮೆಟೊ ಬದನೆಯನ್ನು ನಿಂತಲ್ಲೇ ಬಾಡಿಸುವ ಸೊರಗು ರೋಗದ ಸೂಕ್ಷ್ಮಾಣು ಮಣ್ಣಿನ ಜೊತೆಗೇ ಪ್ರಯಾಣ ಮಾಡುತ್ತವೆ. ಎಲೆಕೋಸಿನ ಬೇರು ಊದಿಸುವ ರೋಗಾಣು ಮಣ್ಣಿನಲ್ಲಿ ಹತ್ತು ವರ್ಷ ದಾಟಿಯೂ ಬದುಕಿರಬಲ್ಲದು. ಸಲಿಕೆ, ಬೂಟುಗಳಿಗೆ ಅಂಟಿದ ಮಣ್ಣನ್ನೂ ಉಜ್ಜಿ ತೊಳೆದು ಒಣಗಿಸಿಯೇ ಕಟ್ಟಿ. ದೇಶ ದಾಟುವವರಾದರೆ ನಿಯಮ ಇನ್ನೂ ಬಿಗಿ: ಅನೇಕ ದೇಶಗಳು ಮಣ್ಣನ್ನು ಒಳಗೆ ಬಿಡುವುದೇ ಇಲ್ಲ, ಗಿಡ ಮತ್ತು ಬೀಜಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತವೆ.

ಖಾಲಿಯಾದ ಪಾತಿಯನ್ನು ಬೆತ್ತಲೆ ಬಿಟ್ಟು ಹೋಗಬೇಡಿ. ಮಳೆಹನಿ ನೇರವಾಗಿ ಬಡಿದರೆ ಮೇಲ್ಮಣ್ಣಿನ ಹೆಂಟೆ ಒಡೆದು, ಒಣಗಿದಾಗ ಹೆಕ್ಕಳಿಕೆ ಕಟ್ಟುತ್ತದೆ. ಆಮೇಲೆ ನೀರು ಇಂಗದೆ ಹರಿದು ಹೋಗುತ್ತದೆ. ಒಣ ಎಲೆ ಅಥವಾ ಹುಲ್ಲನ್ನು ಎರಡು ಮೂರು ಅಂಗುಲ ದಪ್ಪ ಹೊದಿಸಿ. ತಾಕು ತಿಂಗಳುಗಟ್ಟಲೆ ಖಾಲಿ ಬೀಳುವ ಸೂಚನೆಯಿದ್ದರೆ, ಬಿಡುವವರೆಗೆ ಇನ್ನೂ ಆರೇಳು ವಾರವಿದ್ದರೆ, ಅಲಸಂದೆಯಂಥ ದ್ವಿದಳ ಬೆಳೆಯನ್ನು ಒತ್ತಾಗಿ ಬಿತ್ತಿ, ಹೂ ಬಿಡುವ ಹೊತ್ತಿಗೆ ಕತ್ತರಿಸಿ ಅಲ್ಲೇ ಹಾಸಿ. ಬೇರನ್ನು ಕೀಳಬೇಡಿ, ಅದು ಒಳಗೇ ಕೊಳೆತು ಸಾರಜನಕವನ್ನು ಮಣ್ಣಿಗೆ ಬಿಟ್ಟುಕೊಡಲಿ. ಗೊಬ್ಬರದ ಗುಂಡಿ ಅರ್ಧ ಮಾಗಿದ್ದರೆ ಕೊನೆಯ ಸಲ ಮಗುಚಿ, ಮುಚ್ಚಿ, ಎಂದು ತುಂಬಿಸಿದ್ದೆಂದು ಹಲಗೆಯಲ್ಲಿ ಬರೆದಿಡಿ. ರೋಗ ತಗುಲಿದ ಗಿಡಗಳನ್ನು ಮಾತ್ರ ಅದಕ್ಕೆ ಸೇರಿಸಬೇಡಿ.

ನಿಮಗಷ್ಟೇ ಗೊತ್ತಿರುವುದನ್ನು ಬರೆದಿಡಿ

ತೋಟ ಒಪ್ಪಿಸುವಾಗ ನಿಜವಾಗಿ ಕಳೆದುಹೋಗುವುದು ತಿಳಿವಳಿಕೆ. ಯಾವ ಮೂಲೆಯಲ್ಲಿ ಮಳೆ ಬಂದರೆ ನೀರು ನಿಲ್ಲುತ್ತದೆ, ಮಧ್ಯಾಹ್ನದ ನೆರಳು ಎಲ್ಲಿಯವರೆಗೆ ಬರುತ್ತದೆ, ಯಾವ ನಲ್ಲಿಗೆ ಬಿಸಿಲುಗಾಲದಲ್ಲಿ ನೀರೇರುವುದಿಲ್ಲ, ಬಸವನಹುಳು ಯಾವ ಕಲ್ಲಿನಡಿ ಅಡಗುತ್ತದೆ ಎಂಬುದು ಹೊಸಬರಿಗೆ ಗೊತ್ತಾಗಲು ಇಡೀ ವರ್ಷ ಬೇಕು. ಒಂದು ನೋಟ್‌ಪುಸ್ತಕದಲ್ಲಿ ತಾಕಿನ ನಕ್ಷೆ ಬರೆಯಿರಿ. ಪ್ರತಿ ಪಾತಿಯಲ್ಲಿ ಕಳೆದ ಎರಡು ಮೂರು ವರ್ಷ ಏನು ಬೆಳೆದಿರಿ ಎಂಬುದನ್ನು ತಪ್ಪದೆ ಸೇರಿಸಿ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಒಂದೇ ಕುಟುಂಬದವು. ಒಂದರ ಹಿಂದೆ ಇನ್ನೊಂದನ್ನು ಅದೇ ಪಾತಿಗೆ ಹಾಕಿದರೆ ರೋಗ ಬೇರೂರುತ್ತದೆ. ಈ ದಾಖಲೆ ಇಲ್ಲದೆ ಹೊಸಬರು ಬೆಳೆ ಸರದಿ ಮಾಡುವುದಾದರೂ ಹೇಗೆ? ನೆಲದೊಳಗೆ ಮಲಗಿರುವ ಗೆಡ್ಡೆಗಳಿದ್ದರೆ ಕಡ್ಡಿ ಚುಚ್ಚಿ ಹೆಸರಿನ ಚೀಟಿ ಕಟ್ಟಿ. ಇಲ್ಲವಾದರೆ ಅವು ಮೊದಲ ಅಗೆತದಲ್ಲೇ ಗುದ್ದಲಿಗೆ ಸಿಕ್ಕುತ್ತವೆ. ಜೇಕು ಎಲ್ಲಿ ಇನ್ನೂ ಉಳಿದಿದೆ ಎಂಬುದನ್ನೂ ಮುಚ್ಚಿಡದೆ ಬರೆಯಿರಿ.

ಬರುವವರು ಸಿಕ್ಕರೆ ಪುಸ್ತಕ ಕೈಯಲ್ಲಿಟ್ಟುಕೊಂಡು ಒಂದು ಸಂಜೆ ಜೊತೆಯಲ್ಲಿ ಸುತ್ತಿ, ಸಾಧ್ಯವಾದರೆ ಒಟ್ಟಿಗೆ ಒಂದು ಪಾತಿ ಕಳೆ ತೆಗೆಯಿರಿ. ಹೇಗೆ ಮಾಡಬೇಕೆಂದು ಅವರಿಗೆ ಉಪದೇಶ ಮಾಡಬೇಡಿ. ನಿಮ್ಮ ಹೂವಿನ ಅಂಚನ್ನು ಕಿತ್ತು ಅವರು ಬೇರೇನೋ ನೆಡಬಹುದು. ಇನ್ನು ಮೇಲೆ ಅದು ಅವರ ತೋಟ.

ಕೊನೆಯ ವಾರ

ಉಪಕರಣಗಳಲ್ಲಿ ಕೈಗೆ ಒಗ್ಗಿದ ಒಂದೆರಡನ್ನು ಇಟ್ಟುಕೊಂಡು ಉಳಿದವನ್ನು ಹಂಚಿ. ಹರಿದ ಬಲೆ, ಮುರಿದ ಕುಂಡ, ತುಕ್ಕು ಹಿಡಿದ ತಂತಿ ಇವನ್ನು ಮೂಲೆಗೆ ತಳ್ಳದೆ ಸಾಗಹಾಕಿ. ಹಳೆಯ ಕೀಟನಾಶಕದ ಬಾಟಲಿಯನ್ನು ಚರಂಡಿಗೆ ಸುರಿಯಬಾರದು, ಗುಡಿಸಲಿನಲ್ಲೂ ಬಿಡಬಾರದು. ಅಪಾಯಕಾರಿ ಕಸ ಸಂಗ್ರಹಿಸುವಲ್ಲಿಗೆ ಕೊಡಿ. ಬೀಗದ ಕೈ ಒಪ್ಪಿಸುವಾಗ ತಾಕಿನ ನಾಲ್ಕೂ ಬದಿಯ ಫೋಟೊ ತೆಗೆದುಕೊಳ್ಳಿ, ಠೇವಣಿಯ ಮಾತು ಬಂದರೆ ಬೇಕಾಗುತ್ತದೆ. ಹಿಂದಿನ ಸಂಜೆ ಎಲ್ಲ ಪಾತಿಗೂ ಚೆನ್ನಾಗಿ ನೀರುಣಿಸಿ.

ಹೊಸ ಊರಿನಲ್ಲಿ ತಾಕು ಸಿಗಲು ತಡವಾಗಬಹುದು. ಹಾಗಾಗಿ ಮನೆ ಹುಡುಕುವಾಗಲೇ ಅಲ್ಲಿನ ಸರದಿ ಪಟ್ಟಿಗೆ ಹೆಸರು ಬರೆಸುವುದು ಒಳ್ಳೆಯದು. ಒಯ್ದ ಕುಂಡಗಳನ್ನು ಎರಡು ಮೂರು ವಾರ ಬೇರೆ ಗಿಡಗಳಿಂದ ದೂರವಿಟ್ಟು, ಎಲೆಯ ಹಿಂಬದಿಯಲ್ಲಿ ಹುಳುವಿದೆಯೇ ನೋಡುತ್ತಿರಿ. ಜಾಗ ಸಿಕ್ಕ ಮೇಲೂ ಲಕೋಟೆಯ ಬೀಜವನ್ನೆಲ್ಲ ಒಂದೇ ಸಲ ಬಿತ್ತಬೇಡಿ. ಅಲ್ಲಿನ ಮಣ್ಣು ಬೇರೆ, ಮಳೆ ಬರುವ ಕಾಲ ಬೇರೆ. ಅರ್ಧವನ್ನು ಮುಂದಿನ ವರ್ಷಕ್ಕೆ ತೆಗೆದಿಡಿ.