ವೆಬ್‌ಸೈಟ್ ಕೆಲಸಕ್ಕೆ ಲ್ಯಾಪ್‌ಟಾಪ್ ಸಜ್ಜು ಮಾಡುವುದು ಹೇಗೆ?

ಹುಬ್ಬಳ್ಳಿಯ ವಿದ್ಯಾನಗರದ ಪಿಜಿಯಲ್ಲೋ ಧಾರವಾಡದ ಸಪ್ತಾಪುರದ ಬಾಡಿಗೆ ಕೋಣೆಯಲ್ಲೋ ಕೂತು ವೆಬ್‌ಸೈಟ್ ಮಾಡಿಕೊಡುವ ಹುಡುಗ ಹುಡುಗಿಯರಿಗೆ ಮೊದಲ ಕೆಲಸ ಸಿಗುವುದು ಹೆಚ್ಚಾಗಿ ಪರಿಚಯದವರಿಂದಲೇ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಸೈಟ್ ಕೇಳಿದ್ದಾರೆ ಎಂದುಕೊಳ್ಳೋಣ. ಕಡ್ಡಿ, ಡಬ್ಬಿ ಎರಡೂ ತಳಿಯ ಫೋಟೊ, ದರ, ಫೋನ್ ನಂಬರ್ ಇರಬೇಕು. ಎಲ್ಲ ಕನ್ನಡದಲ್ಲೇ ಬೇಕು.

ಇಷ್ಟಕ್ಕೆ ಬೇಕಾದದ್ದು ಕೋಡ್ ಬರೆಯಲು ಎಡಿಟರ್, ಪ್ರತಿ ಬದಲಾವಣೆಯ ದಾಖಲೆ ಇಡಲು ಗಿಟ್, ಜಾವಾಸ್ಕ್ರಿಪ್ಟ್ ಭಾಷೆಯ ಕೋಡನ್ನು ಲ್ಯಾಪ್‌ಟಾಪಿನಲ್ಲೇ ಓಡಿಸಲು ನೋಡ್, ಆಮೇಲೆ ಬ್ರೌಸರ್. ಜೊತೆಗೆ ಒಂದು ಅಗ್ಗದ ಆಂಡ್ರಾಯ್ಡ್ ಫೋನ್. ಬಹಳ ಮಂದಿ ಎಡಿಟರ್‌ನ ಬಣ್ಣ, ಥೀಮು ಎಂದು ವಾರ ಕಳೆಯುತ್ತಾರೆ, ಫೋನಿನಲ್ಲಿ ನೋಡುವುದು ಕಟ್ಟಕಡೆಗೆ. ಗಿರಾಕಿ ನೋಡುವುದೇ ಫೋನಿನಲ್ಲಿ, ಅಲ್ವಾ?

ಯಂತ್ರ

ಹಳೆಯ ಲ್ಯಾಪ್‌ಟಾಪ್ ಸಾಕು. 8 ಜಿಬಿ ರ‍್ಯಾಮ್ ಇದ್ದರೆ ಈ ಕೆಲಸ ಆರಾಮಾಗಿ ನಡೆಯುತ್ತದೆ. ಒಳಗೆ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಮಾತ್ರ ಅದನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. ಸಾವಿರಾರು ಸಣ್ಣ ಸಣ್ಣ ಫೈಲ್ ಓದುವ ಕೆಲಸ ಇದು. ವ್ಯತ್ಯಾಸ ಅವತ್ತೇ ಗೊತ್ತಾಗುತ್ತದೆ.

ಎಡಿಟರ್

ಮೈಕ್ರೋಸಾಫ್ಟ್ 2015ರಲ್ಲಿ ತಂದ ವಿಎಸ್ ಕೋಡ್ ಉಚಿತ. ಹಾಕಿದ ಕೂಡಲೇ ಫೈಲ್ ಮೆನುವಿನಲ್ಲಿ ಆಟೋ ಸೇವ್ ಆನ್ ಮಾಡಿ. ಕರೆಂಟ್ ಹೋಗಿ ಬ್ಯಾಟರಿ ಕೈಕೊಟ್ಟರೂ ಬರೆದದ್ದು ಉಳಿಯುತ್ತದೆ. ಆಮೇಲೆ ಪ್ರೆಟಿಯರ್ ಎಕ್ಸ್‌ಟೆನ್ಷನ್ ಹಾಕಿ, ಸೆಟ್ಟಿಂಗ್ಸ್‌ನಲ್ಲಿ ‘ಫಾರ್ಮ್ಯಾಟ್ ಆನ್ ಸೇವ್’ಗೆ ಟಿಕ್ ಮಾಡಿ. ಕಂಟ್ರೋಲ್+ಎಸ್ ಒತ್ತಿದಾಗಲೆಲ್ಲ ಕೋಡ್ ತಾನೇ ಸಾಲುಗೂಡುತ್ತದೆ. ಜಾವಾಸ್ಕ್ರಿಪ್ಟ್ ಜಾಸ್ತಿ ಇದ್ದರೆ ಅದರ ತಪ್ಪು ತೋರಿಸುವ ಇಎಸ್‌ಲಿಂಟ್ ಇರಲಿ. ಚುಟುಕು ಬರೆದರೆ ಪೂರ್ತಿ ಎಚ್‌ಟಿಎಂಎಲ್ ಮಾಡಿಕೊಡುವ ಎಮ್ಮೆಟ್ ಒಳಗೇ ಬಂದಿರುತ್ತದೆ. ಇಷ್ಟರ ಮೇಲೆ ಸುಮ್ನೆ ಇಪ್ಪತ್ತು ಎಕ್ಸ್‌ಟೆನ್ಷನ್ ತುಂಬಬೇಡಿ, ಎಡಿಟರ್ ತೆವಳುತ್ತದೆ. ಅದರ ಬದಲು ಎರಡು ಶಾರ್ಟ್‌ಕಟ್ ಕಲಿಯಿರಿ: ಫೈಲ್ ಹುಡುಕಲು ಕಂಟ್ರೋಲ್+ಪಿ, ಒಂದೇ ಪದವನ್ನು ಹಲವು ಕಡೆ ಒಟ್ಟಿಗೆ ತಿದ್ದಲು ಕಂಟ್ರೋಲ್+ಡಿ.

ಗಿಟ್ ಮತ್ತು ನೋಡ್

‘ಫೈನಲ್’, ‘ಹೊಸ ಫೈನಲ್’, ‘ಇದೇ ಫೈನಲ್’ ಎಂಬ ಫೋಲ್ಡರ್‌ಗಳ ಕಾಟಕ್ಕೆ ಮದ್ದು ಗಿಟ್. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕೆಲಸಕ್ಕೆಂದು ಬರೆದದ್ದು. ಹೆಸರು, ಇಮೇಲ್ ಕೊಟ್ಟು ಶುರು ಮಾಡಿ. ಮೊದಲ ಕಮಿಟ್‌ಗೂ (ಬದಲಾವಣೆ ದಾಖಲಿಸುವುದಕ್ಕೂ) ಮುಂಚೆ, ಗಿಟ್ ಮುಟ್ಟಬಾರದ್ದರ ಪಟ್ಟಿಯಾದ ಗಿಟ್‌ಇಗ್ನೋರ್ ಫೈಲ್ ಮಾಡಿ, ಅದರಲ್ಲಿ ಬೇರೆಯವರು ಬರೆದ ಸಿದ್ಧ ಕೋಡ್ ಬಂದು ಕೂರುವ ನೋಡ್ ಮಾಡ್ಯೂಲ್ಸ್ ಫೋಲ್ಡರನ್ನೂ ಪಾಸ್‌ವರ್ಡ್ ಇಡುವ ಇಎನ್‌ವಿ ಫೈಲನ್ನೂ ಸೇರಿಸಿ. ಪಾಸ್‌ವರ್ಡ್ ಒಮ್ಮೆ ಕಮಿಟ್ ಆದರೆ, ಆಮೇಲೆ ಅಳಿಸಿದರೂ ಹಳೆಯ ಚರಿತ್ರೆಯಲ್ಲಿ ಕೂತಿರುತ್ತದೆ.

ನೋಡನ್ನು ನೇರವಾಗಿ ಹಾಕುವ ಬದಲು ಬೇಕಾದ ಆವೃತ್ತಿಗೆ ಬದಲಿಸಿಕೊಳ್ಳಲು ಬಿಡುವ ಎಫ್‌ಎನ್‌ಎಂನಂಥ ವರ್ಷನ್ ಮ್ಯಾನೇಜರ್ ಮೂಲಕ ಹಾಕಿ, ಎಲ್‌ಟಿಎಸ್ (ಬಹುಕಾಲ ಬೆಂಬಲ ಇರುವ ಆವೃತ್ತಿ) ಎಂದಿರುವುದನ್ನೇ ಆರಿಸಿ. ಪ್ಯಾಕೇಜ್‌ಗಳನ್ನು, ಅಂದರೆ ಆ ಸಿದ್ಧ ಕೋಡನ್ನು, ಇಳಿಸಲು ಪಿಎನ್‌ಪಿಎಂ ಒಳ್ಳೆಯದು. ಒಮ್ಮೆ ಇಳಿಸಿದ್ದನ್ನು ಒಂದೇ ಕಡೆ ಇಟ್ಟು ಎಲ್ಲ ಪ್ರಾಜೆಕ್ಟ್‌ಗೂ ಹಂಚುತ್ತದೆ. ಮೊಬೈಲ್ ಡೇಟಾದಲ್ಲಿ ಕೆಲಸ ಮಾಡುವವರಿಗೆ ಇದು ದೊಡ್ಡ ಉಳಿತಾಯ.

ಫೋನಿನಲ್ಲಿ ನೋಡುವುದು

ಕ್ರೋಮ್‌ನಲ್ಲಿ ಎಫ್12 ಒತ್ತಿ ಡೆವಲಪರ್ ಟೂಲ್ಸ್ ತೆರೆಯಿರಿ, ನಂತರ ಕಂಟ್ರೋಲ್+ಶಿಫ್ಟ್+ಎಂ. ಪುಟ ಫೋನಿನ ಅಗಲಕ್ಕೆ ಬರುತ್ತದೆ. ನೆಟ್‌ವರ್ಕ್ ಟ್ಯಾಬ್‌ನಲ್ಲಿ ವೇಗವನ್ನು 3ಜಿಗೆ ಇಳಿಸಿ. ಕ್ಯಾಮೆರಾದಿಂದ ಬಂದ ಫೋಟೊವನ್ನು ಹಾಗೇ ಹಾಕಿದ್ದರೆ ಮೆಣಸಿನಕಾಯಿ ಪಟ್ಟಿ ಪಟ್ಟಿಯಾಗಿ ಇಳಿಯುವುದು ಕಾಣುತ್ತದೆ. ಅಳತೆ ಕಿರಿದು ಮಾಡಿ, ಹಗುರ ಚಿತ್ರ ರೂಪವಾದ ವೆಬ್‌ಪಿಗೆ ಬದಲಿಸಿ.

ಇದು ಅಣಕು ಪರೀಕ್ಷೆ ಅಷ್ಟೇ. ನಿಜವಾದ ಫೋನನ್ನೂ ಜೋಡಿಸಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ ಕೇಬಲ್ ಹಾಕಿ. ಲ್ಯಾಪ್‌ಟಾಪಿನ ಕ್ರೋಮ್ ಇನ್‌ಸ್ಪೆಕ್ಟ್ ಪುಟದಲ್ಲಿ ಪೋರ್ಟ್ ಫಾರ್ವರ್ಡಿಂಗ್ ಕೊಟ್ಟರೆ ನಿಮ್ಮ ಲೋಕಲ್‌ಹೋಸ್ಟ್, ಅಂದರೆ ಲ್ಯಾಪ್‌ಟಾಪಿನಲ್ಲಿ ಓಡುತ್ತಿರುವ ಸೈಟ್, ಫೋನಿನಲ್ಲೇ ತೆರೆಯುತ್ತದೆ. ವೈಫೈ ಬೇಡ, ಸೈಟನ್ನು ನೆಟ್ಟಿಗೆ ಏರಿಸುವುದೂ ಬೇಡ. ಫೋನನ್ನು ಹೊರಗೆ ಬಿಸಿಲಿಗೆ ಒಯ್ದು ನೋಡಿ. ತಿಳಿಬೂದು ಅಕ್ಷರ ಆಗ ಕಾಣುವುದೇ ಇಲ್ಲ. ‘ತಮ್ಮಾ, ಅಕ್ಷರಾನ ಕಾಣವಲ್ವಲ್ಲೋ’ ಎಂದು ವ್ಯಾಪಾರಿ ಹೇಳುವ ಮುಂಚೆ ಬಣ್ಣ ಗಾಢ ಮಾಡಿ.

ಕನ್ನಡದ ಫಜೀತಿ

ಇಂಗ್ಲಿಷ್ ಪಾಠಗಳಲ್ಲಿ ಇದು ಸಿಗುವುದಿಲ್ಲ. ವ್ಯಾಪಾರಿ ಕೊಡುವ ಬರಹ ಬಹಳ ಸಲ ಪ್ರಿಂಟಿಂಗ್ ಪ್ರೆಸ್ಸಿನ ಫೈಲ್‌ನಿಂದ ಬಂದಿರುತ್ತದೆ. ಅದು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿದ್ದರೆ, ಬ್ರೌಸರ್‌ಗೆ ಅಂಟಿಸಿದ ಕೂಡಲೇ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳಾಗುತ್ತದೆ. ಹಾಗಾಗಿ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕವೂ ನಿಮ್ಮ ಸಲಕರಣೆಯೇ. ಬದಲಿಸಿದ ಮೇಲೆ ಒಂದೊಂದು ಸಾಲನ್ನೂ ಓದಿ. ಅರ್ಕಾವತ್ತು ಇರುವ ಕಡೆ ತಪ್ಪು ನುಸುಳುವುದು ಜಾಸ್ತಿ.

ಪುಟದ ತಲೆಯಲ್ಲಿ (ಎಚ್‌ಟಿಎಂಎಲ್‌ನ ಹೆಡ್ ಭಾಗದಲ್ಲಿ) ಅಕ್ಷರ ಸಂಕೇತ ಯುಟಿಎಫ್-8 ಎಂದು ಹೇಳಿ, ಭಾಷೆಯ ಗುರುತಾಗಿ ‘ಕೆಎನ್’ ಕೊಡಿ. ಫಾಂಟ್‌ಗೆ ನೋಟೊ ಸ್ಯಾನ್ಸ್ ಕನ್ನಡ ಸಾಕು, ಉಚಿತ. ಸಾಲಿನ ಎತ್ತರ 1.6ಕ್ಕಿಂತ ಕಡಿಮೆ ಇಡಬೇಡಿ. ನಮ್ಮ ಒತ್ತಕ್ಷರ ಕೆಳಕ್ಕೆ ಇಳಿಯುತ್ತದೆ, ಇಂಗ್ಲಿಷ್ ಲೆಕ್ಕದಲ್ಲಿ ಮಾಡಿದ ಬಟನ್ ಅದನ್ನು ಕತ್ತರಿಸಿಬಿಡುತ್ತದೆ. ಒತ್ತು ಹೋದರೆ ‘ಕಡ್ಡಿ’ ‘ಕಡಿ’ ಆಗುತ್ತದೆ! ಅಕ್ಷರಗಳ ನಡುವಿನ ಅಂತರ ಬದಲಿಸುವ ಲೆಟರ್ ಸ್ಪೇಸಿಂಗ್ ಅನ್ನಂತೂ ಕನ್ನಡಕ್ಕೆ ಮುಟ್ಟಲೇಬೇಡಿ.

ಏರಿಸುವುದು

ಸೈಟನ್ನು ನೆಟ್ಟಿಗೆ ಏರಿಸಿಡುವ ಗಿಟ್‌ಹಬ್ ಪೇಜಸ್ ಉಚಿತ, ಕಲಿಯಲು ಚೆನ್ನ. ಆದರೆ ಆನ್‌ಲೈನ್ ವ್ಯಾಪಾರ ನಡೆಸುವ ಸೈಟ್‌ಗೆ ಅದರ ನಿಯಮ ಒಪ್ಪುವುದಿಲ್ಲ. ಇಂಥ ಕೆಲಸಕ್ಕೆ ಕ್ಲೌಡ್‌ಫ್ಲೇರ್ ಪೇಜಸ್ ನೋಡಿ. ಗಿಟ್‌ಗೆ ಜೋಡಿಸಿದರೆ ನೀವು ಪುಶ್ ಮಾಡಿದಂತೆಲ್ಲ (ಬದಲಾವಣೆ ಕಳಿಸಿದಂತೆಲ್ಲ) ಸೈಟ್ ತಾನೇ ಹೊಸದಾಗುತ್ತದೆ. ಡೊಮೇನನ್ನು (ಸೈಟಿನ ವಿಳಾಸವನ್ನು) ಮಾತ್ರ ವ್ಯಾಪಾರಿಯ ಇಮೇಲ್‌ನಲ್ಲಿ, ಅವರದೇ ಹಣದಲ್ಲಿ ನೋಂದಾಯಿಸಿ. ನಿಮಗೆ ಬೆಂಗಳೂರಿನಲ್ಲಿ ನೌಕರಿ ಸಿಕ್ಕ ಮೇಲೆ, ಮುಂದಿನ ವರ್ಷ ಅದನ್ನು ನವೀಕರಿಸಲು ಅವರು ನಿಮ್ಮ ಫೋನಿಗೆ ಕಾಯಬೇಕಾಗುವುದಿಲ್ಲ.