ಪುರಾತತ್ವ ಜರ್ನಲ್‌ಗೆ ಲೇಖನ ಕಳಿಸುತ್ತೀರಾ? ಚಿತ್ರಗಳಿಂದ ಶುರು ಮಾಡಿ

ಜರ್ನಲ್‌ಗೆ ಬಂದ ಲೇಖನಗಳನ್ನು ರಿವ್ಯೂಗೆ (ಅದೇ ವಿಷಯ ಬಲ್ಲವರ ಪರಿಶೀಲನೆಗೆ) ಕಳಿಸುವ ಮುನ್ನ ಒಮ್ಮೆ ತೆರೆದು ನೋಡುವ ಕೆಲಸವನ್ನು ನಾನು ಹಲವು ವರ್ಷ ಮಾಡಿದ್ದೇನೆ. ಮೂರು ವರ್ಷ ಬಿಸಿಲಲ್ಲಿ ಅಗೆದು, ಆರು ತಿಂಗಳು ಕೂತು ಬರೆದು, ಕೊನೆಗೆ ನಕ್ಷೆಯಲ್ಲಿ ಉತ್ತರ ದಿಕ್ಕು ತೋರಿಸುವುದನ್ನೇ ಮರೆತವರಿದ್ದಾರೆ. ಅಂಥ ಲೇಖನವನ್ನು ವಾಪಸ್ ಕಳಿಸುವಾಗ ಸಂಕಟವಾಗುತ್ತದೆ. ಒಳಗಿರುವ ಕೆಲಸ ಚೆನ್ನಾಗಿರುತ್ತದೆ, ಆದರೆ ಓದುವವರಿಗೆ ಅದು ಕಾಣುವುದೇ ಇಲ್ಲ.

ಪುರಾತತ್ವಕ್ಕೆ ಒಂದು ಕಷ್ಟ ಇದೆ. ಅಗೆದ ಜಾಗವನ್ನು ಮತ್ತೆ ಅಗೆಯಲು ಬರುವುದಿಲ್ಲ. ಒಂದು ಪದರ ತೆಗೆದರೆ ಅದು ಹೋದಂತೆಯೇ. ಪ್ರಯೋಗಶಾಲೆಯಲ್ಲಾದರೆ ಇನ್ನೊಬ್ಬರು ಅದೇ ಪ್ರಯೋಗವನ್ನು ಮಾಡಿ ನೋಡಬಹುದು. ಇಲ್ಲಿ ಹಾಗಲ್ಲ. ನೀವು ಕೊಡುವ ನಕ್ಷೆ, ಫೋಟೊ, ಕೋಷ್ಟಕಗಳೇ ಓದುಗರ ಕೈಗೆ ಸಿಗುವ ಸಾಕ್ಷಿ. ಅದಕ್ಕೇ ಈ ಲೇಖನದಲ್ಲಿ ಚಿತ್ರಗಳಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಜರ್ನಲ್ ಆರಿಸುವುದು

ಬರೆಯುವ ಮೊದಲೇ ಜರ್ನಲ್ ಗೊತ್ತು ಮಾಡಿಕೊಳ್ಳಿ. ಅಗೆದದ್ದು ಒಂದೇ ಜಾಗವಾದರೂ ಜರ್ನಲ್‌ಗೆ ತಕ್ಕಂತೆ ಲೇಖನ ಬೇರೆಯಾಗುತ್ತದೆ. 1927ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಓ.ಜಿ.ಎಸ್. ಕ್ರಾಫರ್ಡ್ ಶುರು ಮಾಡಿದ ‘ಆಂಟಿಕ್ವಿಟಿ’ಯನ್ನು ಎಲ್ಲ ದೇಶ, ಎಲ್ಲ ಕಾಲದ ಪುರಾತತ್ವದವರೂ ಓದುತ್ತಾರೆ. ನಿಮ್ಮ ನೆಲೆಯ ಬಗ್ಗೆ ಏನೂ ಗೊತ್ತಿಲ್ಲದವರು ನಿಮ್ಮ ಲೇಖನವನ್ನು ಯಾಕೆ ಓದಬೇಕು ಅನ್ನುವುದನ್ನು ಮೊದಲ ಪುಟದಲ್ಲೇ ಹೇಳಬೇಕು. 1974ರಿಂದ ಬರುತ್ತಿರುವ ‘ಜರ್ನಲ್ ಆಫ್ ಆರ್ಕಿಯಾಲಾಜಿಕಲ್ ಸೈನ್ಸ್’ಗೆ ವೈಜ್ಞಾನಿಕ ವಿಧಾನವೇ ಮುಖ್ಯ. ಎಲ್ಲಿಗೆ ಕಳಿಸುವುದು ಅಂತ ಹೊಳೆಯದಿದ್ದರೆ ನಿಮ್ಮದೇ ಉಲ್ಲೇಖ ಪಟ್ಟಿಯನ್ನು ನೋಡಿ. ಅಲ್ಲಿ ಮತ್ತೆ ಮತ್ತೆ ಬರುವ ಜರ್ನಲ್ಲೇ ಹೆಚ್ಚು ಕಡಿಮೆ ನಿಮ್ಮ ಜಾಗ.

ಒಂದು ವಾರದಲ್ಲಿ ಪ್ರಕಟಣೆ ಖಚಿತ ಅಂತ ತಾವಾಗಿಯೇ ಮೇಲ್ ಕಳಿಸುವವರಿಂದ ದೂರ ಇರಿ. ಒಳ್ಳೆಯ ರಿವ್ಯೂ ಒಂದು ವಾರದಲ್ಲಿ ಮುಗಿಯುವುದಿಲ್ಲ. ಸಂಪಾದಕ ಮಂಡಳಿಯಲ್ಲಿ ಯಾರಿದ್ದಾರೆ, ಅವರು ತಮ್ಮ ವೆಬ್ ಪುಟದಲ್ಲಿ ಈ ಜರ್ನಲ್‌ನ ಹೆಸರು ಹೇಳಿದ್ದಾರಾ ನೋಡಿ. ಎಲ್ಲರಿಗೂ ಉಚಿತವಾಗಿ ಓದಲು ಸಿಗುವ ಜರ್ನಲ್ ಆದರೆ ಅಂಥ ಜರ್ನಲ್‌ಗಳ ಡಿಒಎಜೆ ಪಟ್ಟಿಯಲ್ಲಿದೆಯಾ ಹುಡುಕಿ.

ಒಂದು ಸಲಕ್ಕೆ ಒಂದೇ ಜರ್ನಲ್. ಎರಡು ಕಡೆ ಕಳಿಸಿ ಯಾರು ಬೇಗ ಒಪ್ಪುತ್ತಾರೋ ನೋಡೋಣ ಅಂದರೆ ಎರಡೂ ಕಡೆ ಹೆಸರು ಕೆಡುತ್ತದೆ.

ಸಂಗ್ರಹದಲ್ಲಿರುವ ವಸ್ತುವಿನ ಬಗ್ಗೆ ಬರೆಯುವವರು ಅದು ಎಲ್ಲಿಂದ, ಯಾವಾಗ ಬಂತು ಅನ್ನುವುದನ್ನು ಮೊದಲು ಪತ್ತೆ ಮಾಡಿ. ಕದ್ದು ಸಾಗಿಸಿದ ಪ್ರಾಚೀನ ವಸ್ತುಗಳನ್ನು ತಡೆಯಲು ಯುನೆಸ್ಕೊ ಒಪ್ಪಂದ ಆದದ್ದು 1970ರಲ್ಲಿ. ಅದಾದ ಮೇಲೆ ಮೂಲ ಗೊತ್ತಿಲ್ಲದೆ ಮಾರುಕಟ್ಟೆಗೆ ಬಂದ ವಸ್ತುವನ್ನು ಮೊದಲ ಬಾರಿ ಪ್ರಕಟಿಸಲು ಒಪ್ಪದ ಜರ್ನಲ್‌ಗಳಿವೆ. ಒಪ್ಪದಿರುವುದೇ ಸರಿ. ವಿದ್ವಾಂಸರು ಬರೆದರೆ ಅದರ ಬೆಲೆ ಏರುತ್ತದೆ, ಬೆಲೆ ಏರಿದರೆ ಇನ್ನೊಂದು ನೆಲೆಯನ್ನು ಕಳ್ಳರು ಅಗೆಯುತ್ತಾರೆ.

ಚಿತ್ರಗಳು

ಇಲ್ಲಿ ನಿಧಾನವಾಗಿ ಓದಿ.

ಮೊದಲು ಪಿಕ್ಸೆಲ್ ಲೆಕ್ಕ. ಫೋಟೊಗೆ 300 ಡಿಪಿಐ ಬೇಕು ಅಂತ ಸಾಮಾನ್ಯವಾಗಿ ನಿಯಮ ಇರುತ್ತದೆ. ಗೆರೆಚಿತ್ರಕ್ಕೆ 600ರಿಂದ 1,200 ಕೇಳುತ್ತಾರೆ. ಡಿಪಿಐ ಅಂದರೆ ಮುದ್ರಣದಲ್ಲಿ ಒಂದು ಅಂಗುಲಕ್ಕೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ. ಪುಟದಲ್ಲಿ 170 ಮಿ.ಮೀ. ಅಗಲ ಬರುವ ಫೋಟೊ 300 ಡಿಪಿಐ ಇರಬೇಕಾದರೆ ಅಗಲದಲ್ಲಿ ಸುಮಾರು 2,000 ಪಿಕ್ಸೆಲ್ ಇರಬೇಕು. 800 ಪಿಕ್ಸೆಲ್ ಇರುವ ಚಿತ್ರವನ್ನು ಫೋಟೊಶಾಪ್‌ನಲ್ಲಿ ಎಳೆದು 2,000 ಮಾಡಿದರೆ ಸಂಖ್ಯೆ ಸರಿಹೋಗುತ್ತದೆ, ಚಿತ್ರ ಮಸುಕಾಗಿಯೇ ಇರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಬಂದದ್ದನ್ನು ಬಳಸಲೇ ಬೇಡಿ. ಕಳಿಸುವಾಗಲೇ ಅದು ಕುಗ್ಗಿರುತ್ತದೆ. ಕ್ಯಾಮೆರಾದ ಮೂಲ ಫೈಲ್ ಕೇಳಿ ತರಿಸಿಕೊಳ್ಳಿ. ಜೆಪೆಗ್ ಫೈಲನ್ನು ತಿದ್ದಿ ಸೇವ್ ಮಾಡಿದಷ್ಟು ಸಲ ಗುಣಮಟ್ಟ ಇಳಿಯುತ್ತದೆ. ಹಾಗಾಗಿ ಮೊದಲೇ ಟಿಫ್ (ಗುಣಮಟ್ಟ ಇಳಿಸದ ಫೈಲ್ ಬಗೆ) ಮಾಡಿಕೊಂಡು ಆಮೇಲೆ ತಿದ್ದಿ.

ಅಳತೆಯನ್ನು ಅಳತೆಪಟ್ಟಿಯಾಗಿ (ಇಷ್ಟು ಉದ್ದಕ್ಕೆ ಇಷ್ಟು ಸೆಂ.ಮೀ. ಅಂತ ತೋರಿಸುವ ಗೆರೆಯಾಗಿ) ಚಿತ್ರದ ಒಳಗೇ ಬರೆಯಿರಿ. ಅಡಿಬರಹದಲ್ಲಿ ಸುಮ್ನೆ ‘ಅಳತೆ 1:3’ ಅಂತ ಹಾಕಬೇಡಿ. ಪುಟ ಕಟ್ಟುವವರು ಚಿತ್ರವನ್ನು ಸ್ವಲ್ಪ ಕುಗ್ಗಿಸಿದರೂ ಆ 1:3 ಸುಳ್ಳಾಗುತ್ತದೆ. ಪಟ್ಟಿಯಾದರೆ ಚಿತ್ರದ ಜೊತೆ ತಾನೂ ಕುಗ್ಗುತ್ತದೆ. ಒಮ್ಮೆ ಒಂದು ಲೇಖನದಲ್ಲಿ 20 ಮಡಕೆಗಳ ಚಿತ್ರ ಇತ್ತು. ಗೆರೆ ಎಷ್ಟು ಚೆಂದ ಅಂದರೆ ಬಾಯಿಯ ಅಂಚಿನ ತಿರುವು, ಒಳಗಿನ ಹೊಗೆ ಕಪ್ಪು, ಎಲ್ಲ ಗೊತ್ತಾಗುತ್ತಿತ್ತು. ಅಳತೆಪಟ್ಟಿ ಮಾತ್ರ ಇರಲಿಲ್ಲ. ಅದು ಅಂಗೈಯಲ್ಲಿ ಕೂರುವ ಬಟ್ಟಲೋ, ಧಾನ್ಯ ತುಂಬುವ ವಾಡೆಯೋ ಹೇಳುವ ಹಾಗೇ ಇರಲಿಲ್ಲ. ಬರೆದ ಕಲಾವಿದರು ಅಷ್ಟರಲ್ಲಿ ತಂಡ ಬಿಟ್ಟಿದ್ದರು. ಚೂರುಗಳನ್ನು ಮತ್ತೆ ಹೊರತೆಗೆದು ಅಳೆಯಲು ನಾಲ್ಕು ತಿಂಗಳು ಹಿಡಿಯಿತು.

ಮಡಕೆಯ ಚಿತ್ರದಲ್ಲಿ ಒಂದು ಅರ್ಧ ಸೀಳುನೋಟ (ಕತ್ತರಿಸಿದರೆ ಕಾಣುವ ನೋಟ), ಇನ್ನೊಂದು ಅರ್ಧ ಹೊರನೋಟ ಇರುತ್ತದೆ. ಯಾವುದು ಎಡಕ್ಕೆ, ಯಾವುದು ಬಲಕ್ಕೆ ಅನ್ನುವುದು ಜರ್ನಲ್‌ನಿಂದ ಜರ್ನಲ್‌ಗೆ ಬೇರೆ. ಹಳೆಯ ಸಂಚಿಕೆ ನೋಡಿ ಹಾಗೇ ಮಾಡಿ. ಕಲ್ಲಿನ ಉಪಕರಣಕ್ಕೆ ಬೆಳಕು ಮೇಲಿನ ಎಡ ಮೂಲೆಯಿಂದ ಬೀಳಬೇಕು, ಇದು ಎಲ್ಲ ಕಡೆ ಬಳಕೆಯಲ್ಲಿರುವ ಪದ್ಧತಿ. ಬೇರೆ ಕಡೆಯಿಂದ ಬಿದ್ದರೆ ಚಕ್ಕೆ ಎದ್ದ ತಗ್ಗು ಉಬ್ಬಿನ ಹಾಗೆ ಕಾಣುತ್ತದೆ.

ಹಿನ್ನೆಲೆ ಅಳಿಸುವ ಫೋನ್ ಆ್ಯಪ್‌ಗಳ ಬಗ್ಗೆ ನನಗೆ ನಿಜವಾಗಿ ಸಿಟ್ಟಿದೆ. ಕಲ್ಲಿನ ಚಕ್ಕೆಯ ಅಂಚು ಕಾಗದದಷ್ಟು ತೆಳ್ಳಗಿರುತ್ತದೆ. ಆ ಅಂಚಿನಲ್ಲೇ ಸಣ್ಣ ಸಣ್ಣ ಚಕ್ಕೆ ಎಬ್ಬಿಸಿ ಮೊನೆ ಮಾಡಿದ ಗುರುತು ಇರುವುದು. ಆ್ಯಪ್ ಅದನ್ನೇ ಹಿನ್ನೆಲೆ ಅಂದುಕೊಂಡು ನುಣ್ಣಗೆ ಕತ್ತರಿಸಿ ಹಾಕುತ್ತದೆ. ನಿಮ್ಮ ವಾದಕ್ಕೆ ಆಧಾರವಾದ ಭಾಗವೇ ಹೋಯಿತಲ್ವಾ? ಫೋಟೊ ಸ್ಪಷ್ಟ ಮಾಡಿಕೊಡುತ್ತೇವೆ ಅನ್ನುವ ಎಐ ಆ್ಯಪ್‌ಗಳು ಇನ್ನೂ ಕೆಟ್ಟವು. ಇಲ್ಲದ ಗೀರು, ಇಲ್ಲದ ಮೇಲ್ಮೈ ಸೃಷ್ಟಿಸುತ್ತವೆ. ಕಪ್ಪು ಬಟ್ಟೆ ಹಾಸಿ, ಪಕ್ಕದಿಂದ ಬೆಳಕು ಕೊಟ್ಟು ಮತ್ತೆ ಫೋಟೊ ತೆಗೆಯಿರಿ. ಹತ್ತು ನಿಮಿಷದ ಕೆಲಸ.

ಅಗೆದ ಗುಂಡಿಯ ಫೋಟೊ ಮಧ್ಯಾಹ್ನದ ಬಿಸಿಲಲ್ಲಿ ತೆಗೆದದ್ದಾದರೆ ಅರ್ಧ ಬೆಳ್ಳಗೆ, ಅರ್ಧ ಕಪ್ಪಗೆ ಇರುತ್ತದೆ, ಪದರಗಳ ಬಣ್ಣ ಗೊತ್ತೇ ಆಗುವುದಿಲ್ಲ. ಬೆಳಗ್ಗೆ ತೆಗೆದದ್ದು ಇದ್ದರೆ ಅದನ್ನೇ ಹಾಕಿ. ಮಣ್ಣಿನ ಬಣ್ಣವನ್ನು ‘ಕಂದು’ ಅಂತ ಬರೆದು ಬಿಡಬೇಡಿ, ಮುನ್ಸೆಲ್ ಬಣ್ಣಪಟ್ಟಿಗೆ ಹೋಲಿಸಿ ಅದರ ಸಂಖ್ಯೆ ಕೊಡಿ. ಮೂಲೆಯಲ್ಲಿ ಯಾರದೋ ಚಪ್ಪಲಿ, ನೀರಿನ ಬಾಟಲಿ ಕಂಡರೆ ಬೇರೆ ಫೋಟೊ ಹುಡುಕಿ. ಅಳಿಸಲು ಹೋಗಬೇಡಿ.

ಗುಂಡಿಯ ಸೀಳುನೋಟದ ಚಿತ್ರದಲ್ಲಿರುವ ಪದರದ ಸಂಖ್ಯೆ, ಕೋಷ್ಟಕದಲ್ಲಿರುವ ಸಂಖ್ಯೆ, ಲೇಖನದಲ್ಲಿರುವ ಸಂಖ್ಯೆ ಮೂರೂ ಒಂದೇ ಇರಬೇಕು. ಚಿತ್ರವನ್ನು ಪ್ರಿಂಟ್ ತೆಗೆದು ಪಕ್ಕದಲ್ಲಿಟ್ಟುಕೊಂಡು, ಪೆನ್ಸಿಲ್‌ನಲ್ಲಿ ಒಂದೊಂದಕ್ಕೂ ಟಿಕ್ ಹಾಕುತ್ತಾ ಹೋಗಿ. ಪರದೆ ಮೇಲೆ ನೋಡಿದರೆ ತಪ್ಪು ಸಿಗುವುದಿಲ್ಲ, ಇದು ನನ್ನ ಅನುಭವ.

ನಕ್ಷೆಗೆ ಉತ್ತರ ದಿಕ್ಕು, ಅಳತೆಪಟ್ಟಿ, ಗುರುತುಗಳ ವಿವರಣೆ ಬೇಕೇ ಬೇಕು. ಆದರೆ ಕಾವಲಿಲ್ಲದ ನೆಲೆಯಾದರೆ ಜಿಪಿಎಸ್ ಸ್ಥಾನವನ್ನು ಪೂರ್ತಿ ಕೊಡಬೇಡಿ. ನಿಧಿ ಹುಡುಕುವವರೂ ಜರ್ನಲ್ ಓದಬಲ್ಲರು. ಸಂಪಾದಕರಿಗೆ ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ.

ಕಾಲ ಹೇಳುವ ಕೋಷ್ಟಕ

ಚಿತ್ರ ಬಿಟ್ಟರೆ ಹೆಚ್ಚು ತಪ್ಪಾಗುವುದು ಇಲ್ಲಿ. ರೇಡಿಯೊಕಾರ್ಬನ್ (ಅವಶೇಷದಲ್ಲಿ ಉಳಿದ ಕಾರ್ಬನ್-14 ಅಳೆದು ವಯಸ್ಸು ಹೇಳುವ ವಿಧಾನ) ಫಲಿತಾಂಶವನ್ನು ‘ಕ್ರಿ.ಪೂ. 1800’ ಅಂತ ಒಂದೇ ಮಾತಲ್ಲಿ ಬರೆದರೆ ಯಾರೂ ಪರೀಕ್ಷಿಸಲು ಆಗುವುದಿಲ್ಲ. ಪ್ರತಿ ಮಾದರಿಗೂ ಲ್ಯಾಬ್ ಕೊಟ್ಟ ಸಂಖ್ಯೆ, ಕ್ಯಾಲಿಬ್ರೇಟ್ ಮಾಡದ (ಕ್ಯಾಲೆಂಡರ್ ವರ್ಷಕ್ಕೆ ಹೊಂದಿಸದ) ವಯಸ್ಸು, ಅದರ ± ಅಂತರ, ಯಾವ ವಸ್ತು, ಯಾವ ಪದರ ಅನ್ನುವುದನ್ನು ಕೊಡಿ. ‘3450 ± 30 ಬಿಪಿ’ (‘ಇಂದಿಗಿಂತ ಇಷ್ಟು ವರ್ಷ ಹಿಂದೆ’) ಅಂದಾಗ ಲೆಕ್ಕ ಶುರುವಾಗುವುದು 1950ರಿಂದ, ಇವತ್ತಿನಿಂದಲ್ಲ. ಆ ಸಂಖ್ಯೆಯಿಂದ 1950 ಕಳೆದು ಕ್ರಿ.ಪೂ. ಮಾಡಿದವರಿದ್ದಾರೆ. ಅದು ತಪ್ಪು. ಗಾಳಿಯಲ್ಲಿ ಕಾರ್ಬನ್-14 ಪ್ರಮಾಣ ಎಲ್ಲ ಕಾಲಕ್ಕೂ ಒಂದೇ ಇರಲಿಲ್ಲ, ಅದಕ್ಕೇ ಕ್ಯಾಲಿಬ್ರೇಟ್ ಮಾಡಬೇಕು. ಅದಕ್ಕೆ ಬಳಸುವ ಹೊಂದಾಣಿಕೆ ರೇಖೆಗಳು: ಉತ್ತರ ಗೋಳಕ್ಕೆ ಇಂಟ್‌ಕ್ಯಾಲ್20, ದಕ್ಷಿಣಕ್ಕೆ ಎಸ್‌ಎಚ್‌ಕ್ಯಾಲ್20, ಕಡಲ ಚಿಪ್ಪಿಗೆ ಮರೀನ್20. ಯಾವುದನ್ನು ಬಳಸಿದಿರಿ, ಆಕ್ಸ್‌ಕ್ಯಾಲ್ ಇರಲಿ ಕ್ಯಾಲಿಬ್ ಇರಲಿ, ಸಾಫ್ಟ್‌ವೇರ್‌ನ ಯಾವ ಆವೃತ್ತಿ, ನಿಜವಾದ ಕಾಲ ಒಳಗಿರುವ ಸಾಧ್ಯತೆ ಶೇ 95.4 ಇರುವ ವ್ಯಾಪ್ತಿ ಎಷ್ಟು, ಎಲ್ಲ ಬರೆಯಿರಿ.

ಇದ್ದಿಲಿನ ಮಾದರಿಯಾದರೆ ಅದು ಮರದ ಯಾವ ಭಾಗ ಅಂತ ರಿವ್ಯೂವರ್ ಕೇಳೇ ಕೇಳುತ್ತಾರೆ. ದೊಡ್ಡ ಮರದ ತಿರುಳು, ಮರ ಕಡಿಯುವ ಹೊತ್ತಿಗೇ ನೂರಾರು ವರ್ಷ ಹಳೆಯದಾಗಿರಬಹುದು. ಸುಟ್ಟ ಬೀಜ ಇದ್ದರೆ ಅದೇ ಒಳ್ಳೆಯದು, ಅದು ಒಂದೇ ವರ್ಷದ ಬೆಳೆ. ಎಲುಬಾದರೆ ಅದರಲ್ಲಿರುವ ಪ್ರೋಟೀನ್ ಆದ ಕೊಲಾಜೆನ್‌ನ ಕಾರ್ಬನ್-ನೈಟ್ರೋಜನ್ ಅನುಪಾತ ಕೊಡಿ. ಅದು 2.9ರಿಂದ 3.6ರ ಒಳಗಿದ್ದರೆ ಕೊಲಾಜೆನ್ ಕೆಟ್ಟಿಲ್ಲ ಅಂತ ಸಾಮಾನ್ಯವಾಗಿ ಒಪ್ಪುತ್ತಾರೆ.

ಹೆಸರು ಮರೆಮಾಡುವುದು

ಲೇಖಕರು ಯಾರೆಂದು ರಿವ್ಯೂವರ್‌ಗೆ ಗೊತ್ತಾಗಬಾರದು ಅನ್ನುವ ಜರ್ನಲ್‌ಗಳು ಬಹಳ ಇವೆ. ಮೊದಲ ಪುಟದ ಹೆಸರು ತೆಗೆದರೆ ಮುಗಿಯಲಿಲ್ಲ. ಕೃತಜ್ಞತೆ, ಅನುದಾನದ ಸಂಖ್ಯೆ, ‘ನಮ್ಮ ಹಿಂದಿನ ಲೇಖನದಲ್ಲಿ ತೋರಿಸಿದಂತೆ’ ಅನ್ನುವ ಸಾಲು, ವರ್ಡ್ ಫೈಲ್‌ನ ಪ್ರಾಪರ್ಟೀಸ್‌ನಲ್ಲಿ ಕೂತಿರುವ ಹೆಸರು, ಎಲ್ಲವನ್ನೂ ತೆಗೆಯಿರಿ. ಗುಂಡಿಯ ಫೋಟೊದಲ್ಲಿ ಇಟ್ಟ ಹಲಗೆಯನ್ನೂ ನೋಡಿ. ಅದರ ಮೇಲೆ ಸೀಮೆಸುಣ್ಣದಲ್ಲಿ ನಿಮ್ಮ ಇನಿಷಿಯಲ್ ಇದ್ದೀತು.

ಕಳಿಸುವ ದಿನ

ಇದು ಸುಲಭ. ಆರ್ಕಿಡ್ (ORCID) ಅನ್ನುವ ಸಂಶೋಧಕರ ಗುರುತಿನ ಸಂಖ್ಯೆ ಮಾಡಿಸಿಕೊಳ್ಳಿ, ಉಚಿತ. ಸೂಚನೆ ನೋಡಿ ಫೈಲ್‌ಗಳಿಗೆ ಹೆಸರಿಡಿ, ಅಪ್‌ಲೋಡ್ ಮಾಡಿ, ಕೊನೆಗೆ ಜರ್ನಲ್‌ನ ವೆಬ್‌ಸೈಟ್ ಕಟ್ಟಿಕೊಡುವ ಪಿಡಿಎಫ್ ತೆರೆದು ಪೂರ್ತಿ ನೋಡಿ. ಕವರ್ ಲೆಟರ್ ಅರ್ಧ ಪುಟ ಸಾಕು. ಏನು ಸಿಕ್ಕಿತು, ಈ ಜರ್ನಲ್ಲೇ ಯಾಕೆ, ಬೇರೆಲ್ಲೂ ಕಳಿಸಿಲ್ಲ. ಹೊಗಳಿಕೆ ಬೇಡ. ಸಹಲೇಖಕರೆಲ್ಲ ಕೊನೆಯ ಕರಡು ಓದಿ ಒಪ್ಪಿರಬೇಕು. ನಿಮ್ಮ ಜೊತೆ ಅಗೆದು ಬರೆದವರ ಹೆಸರು ಬಿಟ್ಟು ಹೋಗದಿರಲಿ, ಏನೂ ಮಾಡದ ಹಿರಿಯರ ಹೆಸರು ಸೇರದಿರಲಿ.

ಉಲ್ಲೇಖ ಪಟ್ಟಿಗೆ ಜೊಟೆರೊ ಸಾಫ್ಟ್‌ವೇರ್ ಬಳಸಿ. ಚಾಟ್‌ಬಾಟ್ ಕೊಟ್ಟ ಉಲ್ಲೇಖವನ್ನು ಮೂಲ ಹುಡುಕಿ ನೋಡದೆ ಹಾಕಬೇಡಿ. ಇಲ್ಲದ ಪುಸ್ತಕ, ಇಲ್ಲದ ಪುಟ ಕೊಟ್ಟುಬಿಡುತ್ತದೆ, ನೋಡಲು ನಿಜದ ಹಾಗೇ ಇರುತ್ತದೆ.

ರಿವ್ಯೂ ಬಂದ ಮೇಲೆ

‘ದೊಡ್ಡ ತಿದ್ದುಪಡಿ ಬೇಕು’ ಅಂತ ಬಂದರೆ ಅದು ತಿರಸ್ಕಾರವಲ್ಲ. ಎಷ್ಟೋ ಜನ ಆ ಪತ್ರ ನೋಡಿ ಲೇಖನವನ್ನೇ ಕೈಬಿಟ್ಟಿದ್ದಾರೆ, ನನಗೆ ಬೇಸರ ತರಿಸುವುದು ಅದೇ. ಎರಡು ದಿನ ಸುಮ್ಮನೆ ಬಿಡಿ. ಆಮೇಲೆ ಎರಡು ಅಂಕಣದ ಕೋಷ್ಟಕ ಮಾಡಿ, ಎಡಕ್ಕೆ ರಿವ್ಯೂವರ್ ಮಾತು ಇದ್ದ ಹಾಗೇ, ಬಲಕ್ಕೆ ನೀವು ಮಾಡಿದ್ದು, ಪುಟ ಮತ್ತು ಸಾಲಿನ ಸಂಖ್ಯೆ ಸಮೇತ. ಒಪ್ಪದಿದ್ದರೆ ಯಾಕೆ ಅಂತ ಆಧಾರ ಕೊಟ್ಟು ಬರೆಯಿರಿ. ರಿವ್ಯೂವರ್ ನಿಮ್ಮ ಮಾತನ್ನು ತಪ್ಪು ತಿಳಿದಿದ್ದರೂ ಆ ಸಾಲನ್ನು ತಿದ್ದಿ. ಅವರು ಎಡವಿದ ಕಡೆ ಇನ್ನೊಬ್ಬರೂ ಎಡವುತ್ತಾರೆ.

ಒಪ್ಪಿಗೆಯಾದ ಮೇಲೆ ಪ್ರೂಫ್ (ಅಚ್ಚಿಗೆ ಮುನ್ನ ತಿದ್ದಲು ಕೊಡುವ ಪುಟಗಳು) ಬರುತ್ತದೆ, ಸಮಯ ಕಡಿಮೆ ಇರುತ್ತದೆ. ಅಕ್ಷರ ತಪ್ಪಿಗಿಂತ ಮೊದಲು ಚಿತ್ರ ನೋಡಿ. ಅಡಿಬರಹ ಅದಲುಬದಲಾಗಿದೆಯಾ, ಯಾವುದಾದರೂ ಫೋಟೊ ಕನ್ನಡಿಯಲ್ಲಿ ಕಂಡಂತೆ ತಿರುಗಿದೆಯಾ, ಅಂಚು ಕತ್ತರಿಸುವಾಗ ಅಳತೆಪಟ್ಟಿ ಹೋಗಿದೆಯಾ. ± ಚಿಹ್ನೆ ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ಇದೆಯಾ ಎಣಿಸಿ.