ಮುಟ್ಟು ನಿಂತ ಮೇಲಿನ ಉರಿಗೆ ಮದ್ದಿದೆ
ಮುಟ್ಟು ನಿಂತ ಎರಡನೆಯ ವರ್ಷ ಯೋನಿಯಲ್ಲಿ ಉರಿ ಶುರುವಾಯಿತು. ದೇವಿಮನೆ ಘಟ್ಟ ಇಳಿಯುವ ಕುಮಟಾ ಬಸ್ಸಿನಲ್ಲಿ ಕೂರಲಾಗದೆ ಸೆರಗು ಹಿಂಡುತ್ತಿದ್ದೆ. ಸೋಪು ಹಚ್ಚಿ ತೊಳೆದಷ್ಟೂ ಉರಿ ಹೆಚ್ಚಿತು. ಕಾರಣ ಕೊಳೆಯಲ್ಲ, ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇಳಿದು ಯೋನಿಯ ಒಳಪದರ ತೆಳುವಾಗಿ ಒಣಗಿತ್ತು. ಹಾಗಾಗಿ ಮೊದಲು ಸೋಪು ಬಿಡಿ, ಬರೀ ನೀರು ಸಾಕು. ಕೂಡುವಾಗ ನೀರಿನಂಶದ ಜಾರುವ ಜೆಲ್ ಬಳಸಿ. ಕಾಂಡೋಮ್ ಇದ್ದರೆ ತೆಂಗಿನೆಣ್ಣೆ ಬೇಡ, ಅದರ ಲ್ಯಾಟೆಕ್ಸ್ ರಬ್ಬರು ಹರಿದುಹೋಗಬಹುದು.

ತಗ್ಗದಿದ್ದರೆ ಸ್ತ್ರೀರೋಗ ತಜ್ಞರನ್ನು ಸಂಕೋಚವಿಲ್ಲದೆ ಕೇಳಿ. ನನಗೆ ಈಸ್ಟ್ರೋಜನ್ ಕ್ರೀಮ್ ಕೊಟ್ಟರು: 2 ವಾರ ಪ್ರತಿರಾತ್ರಿ, ಆಮೇಲೆ ವಾರಕ್ಕೆ 2 ಸಲ. ಕ್ರೀಮಿನ ಜೊತೆ ಬರುವ ಕೊಳವೆಯನ್ನು ಗೆರೆಯವರೆಗೆ ತುಂಬಿ, ಅಂಗಾತ ಮಲಗಿ, ಮಂಡಿ ಮಡಚಿ ನಿಧಾನವಾಗಿ ಯೋನಿಯೊಳಗೆ ತೂರಿಸಿ ಕ್ರೀಮ್ ತಳ್ಳಬೇಕು. ಗುಣ ಕಾಣಲು ಕೆಲವು ವಾರ ಬೇಕು, ನಡುವೆ ಬಿಡಬೇಡಿ. ಸ್ತನ ಕ್ಯಾನ್ಸರ್ ಆಗಿದ್ದವರು ಮುಂಚೆಯೇ ಹೇಳಿ. ಮುಟ್ಟು ನಿಂತ ಮೇಲೆ ಹನಿ ರಕ್ತ ಕಂಡರೂ ಕಾಯದೆ ತೋರಿಸಿ.